ಚೆನ್ನಾಗಿದ್ದೇನೆ ಎಂದವರ ಮಂಡಿ

ಮಂಡಿಯ ಕೀಲು ಬದಲಿಸಿಕೊಂಡವರು ವರ್ಷಗಳ ಮೇಲೆ ಹೇಗಿದ್ದಾರೆಂದು ತಿಳಿಯಲು, ನಿವೃತ್ತಿಯ ನಂತರವೂ ನಾನು ಪಾಲಹಳ್ಳಿ, ತೊಣ್ಣೂರು, ಬಿಂಡಿಗನವಿಲೆಗಳ ಮನೆಮನೆ ತಿರುಗಿದವನು. ಅವರಿಗೆಲ್ಲ ಶಸ್ತ್ರಚಿಕಿತ್ಸೆ ಮಾಡಿದವನೂ ನಾನೇ. ಅಧ್ಯಯನಕ್ಕೆ ಜೊತೆಯಾದವನು ಕೆ.ಆರ್. ಪೇಟೆ ಕಡೆಯ ನನ್ನ ಶಿಷ್ಯ. ಮೂಳೆಗೆ ಕೈಯಿಡುವುದನ್ನು ಅವನಿಗೆ ಕಲಿಸಿದ್ದು ನಾನು. ಅವನು ಫೋನಿನಲ್ಲಿ ವಿಚಾರಿಸುತ್ತಿದ್ದ. ನಾನು ಹೋಗಿ ನೋಡುತ್ತಿದ್ದೆ.

ಅದಕ್ಕೆ ಕಾರಣವಿತ್ತು. ನಮ್ಮ ಸೀಮೆಯಲ್ಲಿ ನೋವಿದೆ ಎಂದು ವೈದ್ಯನಿಗೆ ಹೇಳುವುದೆಂದರೆ ಅವನ ಕೈಗುಣವನ್ನು ಹಳಿದಂತೆ. ಬಿಂಡಿಗನವಿಲೆಯ ಹೆಂಗಸೊಬ್ಬರು ಮೂರು ವರ್ಷವೂ ಫೋನಿನಲ್ಲಿ "ಚೆನ್ನಾಗಿದೀನಿ" ಎಂದೇ ಹೇಳಿದ್ದರು. ನಾನು ತಿಳಿಸದೆ ಹೋದ ದಿನ, ಕುರಿಕೊಟ್ಟಿಗೆಯ ಬಾಗಿಲಲ್ಲಿ ಗೋಡೆ ಕಟ್ಟುವ ಎರಡು ಸೈಜುಗಲ್ಲು ಪೇರಿಸಿ, ಅದರ ಮೇಲೆ ಬಲಗಾಲನ್ನು ಕೊರಡಿನಂತೆ ಚಾಚಿ ಕುಳಿತು ಮರಿಗೆ ಹಾಲು ಕುಡಿಸುತ್ತಿದ್ದರು. ನನ್ನನ್ನು ಕಂಡು ಏಳಹೋಗಿ ಗೋಡೆ ಹಿಡಿದರು.

"ಯಾಕಮ್ಮ ಹೇಳಲಿಲ್ಲ?"

"ಎಂಗೇಳನ ಸಾ? ನೀವ್ ರಿಟೇರಾದ್ರೂ ನಮ್ಮೂರ್ನೋರು ಇನ್ನೂ ನಿಮ್ತಾವ್ಕೇ ಬತ್ತಾವ್ರೆ. ನನ್ ಬಾಯಿಂದ ನಿಮ್ಗೆ ಕೆಟ್ಟೆಸ್ರು ಬರ್ಬೇಕಾ?"

ನಾನು ಬಿಡದೆ ಕೇಳಿದೆ. ಕೊನೆಗೆ ನೆಲ ನೋಡುತ್ತ ಅಂದರು: "ಆಗ್ಬರ್ಲಿಲ್ಲ ಸಾ. ಆಪರೇಸನ್ ಮಾಡುಸ್ಕಂಡಾಗ್ಲಿಂದ ನೋಯ್ತಾನೇ ಅದೆ. ಬರ್ಕಳಿ."

ಅವರನ್ನು ಬೇರೊಬ್ಬ ವೈದ್ಯರಿಗೆ ತೋರಿಸಿದೆ. ನನ್ನ ಕೈಯ ಸೋಲನ್ನು ನನ್ನ ಕೈಯಿಂದಲೇ, ಸೈಜುಗಲ್ಲನ್ನೂ ಬಿಡದೆ, ಅವರ ಮಾತಿನಲ್ಲೇ ಹಾಳೆಯಲ್ಲಿ ಬರೆದು ಶಿಷ್ಯನಿಗೆ ಒಪ್ಪಿಸಿದೆ.

ಅವನು ಬರೆದ ಸಂಶೋಧನಾ ಪ್ರಬಂಧದ ಕರಡಿನಲ್ಲಿ ಆ ಮಾತಿರಲಿಲ್ಲ. ಪಟ್ಟಿಯಲ್ಲಿ ಆಕೆ 'ತೃಪ್ತರು'. ಶ್ರೀರಂಗಪಟ್ಟಣದ ನನ್ನ ಮನೆಗೆ ಅವನನ್ನು ಕರೆಸಿದೆ. ನಾನು ಕೊಟ್ಟ ಕಾಫಿ ಕುಡಿಯುತ್ತಲೇ ನಕ್ಕ.

"ಫೋನಲ್ಲಿ ಅವ್ರೇ ಚೆನ್ನಾಗಿದೀನಿ ಅಂದವ್ರೆ ಸಾರ್. ಪೇಷೆಂಟ್ ಬಿಟ್ಟು ಸೈಜುಗಲ್ಲನ್ನ ನಂಬೋದಾ?"

"ಹಾಳೆಯಲ್ಲಿರೋದೂ ಅವರ ಬಾಯಿಮಾತೇ ಕಣಯ್ಯ. ಸೋತವನು ನಾನು, ನಿನಗ್ಯಾಕೆ ಸಂಕಟ?"

"ನಿಮ್ಮೆಸ್ರು ಉಳ್ಸಕ್ಕೇ ತೆಗ್ದಿದ್ದು ಸಾರ್."

ಅವನು ಕಾಯುತ್ತಿದ್ದ ಬಡ್ತಿಗೆ ಆ ಪ್ರಬಂಧವೇ ಆಧಾರವೆಂಬುದು ನನಗೆ ಗೊತ್ತಿಲ್ಲವೆಂದುಕೊಂಡಿದ್ದ. ಹಾಗಾದರೆ ಪ್ರಬಂಧದಿಂದ ನನ್ನ ಹೆಸರನ್ನೇ ತೆಗೆದುಬಿಡು ಎಂದೆ. ಅದಕ್ಕೆ ತಡಮಾಡದೆ ಒಪ್ಪಿದ. ಇಷ್ಟು ವರ್ಷದಲ್ಲಿ ನನ್ನ ಯಾವ ಮಾತನ್ನೂ ಅವನು ಅಷ್ಟು ಬೇಗ ಪಾಲಿಸಿರಲಿಲ್ಲ.

ಪ್ರಬಂಧ ಅಚ್ಚಾಯಿತು. ತಪ್ಪು ತಿದ್ದಿರೆಂದು ಆ ವೈದ್ಯಕೀಯ ಪತ್ರಿಕೆಗೆ ನಾನು ಬರೆದ ಎರಡು ಕಾಗದಗಳಿಗೂ ಉತ್ತರ ಬರಲಿಲ್ಲ. ಬಿಂಡಿಗನವಿಲೆಗೆ ಹೋಗಿ ಆಕೆಗೆ ನಡೆದದ್ದನ್ನು ಹೇಳಿದೆ. ಕುರಿಮರಿಯನ್ನು ಪಕ್ಕಕ್ಕೆ ಸರಿಸಿ ನನ್ನ ಮುಖವನ್ನೇ ನೋಡಿದರು.

"ಅಂಗಾರೆ ಸುಮ್ಸುಮ್ನೆ ನನ್ ಬಾಯ್ಬುಡುಸುದ್ರಾ ಸಾ?"

ಅಂದು ಅವರು ನನ್ನನ್ನು ಕೂತ್ಕಳಿ ಎನ್ನಲಿಲ್ಲ.