ಹುಡುಗಿ ಮೊದಲು ಸಾಯುವ ಆಟ

ಮೊಬೈಲು ಅಂದರೆ ಮಾತಾಡುವ ಸಾಮಾನು, ಅಷ್ಟೇ ಎಂದು ನಮ್ಮ ಮನೆಗಳಲ್ಲಿ ಇನ್ನೂ ನಂಬಿದ್ದ ಕಾಲ ಅದು. ಅದರಲ್ಲಿ ಪಿಕ್ಚರು ನೋಡಬಹುದು ಎಂಬುದು ಕಾಲೇಜು ಹುಡುಗರ ನಡುವಿನ ಸುದ್ದಿ. ಬೇಸಿಗೆ ರಜೆಯ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಉಂಡ ಮೇಲೆ ದೊಡ್ಡವರು ಚಾಪೆಗೆ, ಮಕ್ಕಳು ತಮ್ಮ ತಮ್ಮ ಅಡಗುದಾಣಗಳಿಗೆ. ನಿಮಗೂ ಅಂಥದೊಂದು ಜಾಗ ಇದ್ದೀತು. ನನಗೆ ಅದು ಶಿಕಾರಿಪುರದಲ್ಲಿದ್ದ ನನ್ನ ಸೋದರಮಾವನ ಅಂಗಡಿಯ ಅಟ್ಟ.

ನಾನು ಸೊರಬದವಳು. ಆ ವರ್ಷ ಏಳನೇ ತರಗತಿಯ ಪರೀಕ್ಷೆ ಮುಗಿಯುತ್ತಿದ್ದಂತೆ ಅಪ್ಪ ನನ್ನನ್ನು ಬಸ್ಸು ಹತ್ತಿಸಿಕೊಂಡು ಬಂದು ಮಾವನ ಮನೆಯಲ್ಲಿ ಬಿಟ್ಟರು. ಅಮ್ಮ ಬಸುರಿ. ಎದ್ದು ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರಂತೆ. ನನಗೆ ಅಪ್ಪ ಹೇಳಿದ್ದು ಇಷ್ಟೇ: "ಅಮ್ಮಂಗೆ ಸ್ವಲ್ಪ ಸುಸ್ತು ಮಾರಾಯ್ತಿ. ಶಾಲೆ ಶುರುವಾಗೋದ್ರೊಳಗೆ ಬಂದು ಕರ್ಕೊಂಡು ಹೋಗ್ತೀನಿ."

ಮಾವ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಮೇಲೆ ಹಲಗೆಯ ಅಟ್ಟ. ಬೆಸುಗೆ ಹಾಕುವ ಹೊಗೆಯ ವಾಸನೆ ಒಂದು ಕಡೆಯಿಂದ, ಅತ್ತೆ ಕಾಯಿಸುತ್ತಿದ್ದ ಸಂಡಿಗೆ ಹಿಟ್ಟಿನ ಜೀರಿಗೆ ವಾಸನೆ ಇನ್ನೊಂದು ಕಡೆಯಿಂದ ಏರಿ ಬಂದು ಅಲ್ಲಿ ಕೂಡುತ್ತಿದ್ದವು. ಮದುವೆಗೆ ಮುಂಚೆ ಮಾವ ಅದೇ ಅಂಗಡಿಯಲ್ಲಿ ವಿಡಿಯೋ ಕ್ಯಾಸೆಟ್ಟು ಬಾಡಿಗೆಗೆ ಕೊಡುತ್ತಿದ್ದರು. ಆ ಕಾಲದ ಕ್ಯಾಸೆಟ್ಟುಗಳ ಡಬ್ಬಿಗಳೆಲ್ಲ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು. ಅವುಗಳಲ್ಲಿ ಎಂಬತ್ತರ ದಶಕದ ಇಂಗ್ಲಿಷ್ ದೆವ್ವದ ಪಿಕ್ಚರುಗಳೇ ಒಂದು ರಾಶಿ. ಹಾಕಿ ನೋಡುವ ಯಂತ್ರವನ್ನು ಮಾವ ಎಂದೋ ಬಿಚ್ಚಿ ಬಿಡಿಭಾಗ ಮಾಡಿಬಿಟ್ಟಿದ್ದರು. ಹೀಗಾಗಿ ನಮಗೆ ಸಿಕ್ಕಿದ್ದು ಡಬ್ಬಿಯ ಮೇಲಿನ ಚಿತ್ರಗಳು ಮಾತ್ರ. ಮಂಜು ಕವಿದ ಕೆರೆ, ಸೈಕಲ್ಲು ಹಿಡಿದು ನಿಂತ ಹುಡುಗರು, ಮಣ್ಣಿನಿಂದ ಎದ್ದ ಕೈ, ಬಾಯಿ ತೆರೆದು ಕಿರುಚುತ್ತಿರುವ ಹಳದಿ ಕೂದಲಿನ ಹುಡುಗಿ.

ಆಟ ತಂದವನು ಮಾವನ ಮಗ ಗಿರೀಶ. ಒಂಬತ್ತನೇ ತರಗತಿ ಮುಗಿಸಿದ್ದ. ಅವನ ಗೆಳೆಯನೊಬ್ಬನ ಅಣ್ಣ ಶಿವಮೊಗ್ಗದ ಹಾಸ್ಟೆಲಿನಲ್ಲಿ ಓದುತ್ತಿದ್ದ. ಅಲ್ಲಿ ಅವರು ಒಂದು ವಿದೇಶಿ ಆಟ ಆಡುತ್ತಿದ್ದರಂತೆ. ಒಬ್ಬ ಕತೆ ಹೇಳುತ್ತಾ ಹೋಗಬೇಕು, ಉಳಿದವರು ಕತೆಯೊಳಗಿನ ಒಬ್ಬೊಬ್ಬರಾಗಬೇಕು. ಏನು ಮಾಡುತ್ತೀರಿ ಎಂದು ಅವನು ಕೇಳುತ್ತಾನೆ, ನೀವು ಹೇಳುತ್ತೀರಿ. ಆಗುತ್ತದೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಕತೆ ಯಾವಾಗಲೂ ಒಂದು ಸಣ್ಣ ಊರಿನದು. ಅಲ್ಲಿಗೆ ಏನೋ ಒಂದು ಬರುತ್ತದೆ, ಹೈಸ್ಕೂಲು ಮಕ್ಕಳಿಗೆ ಮಾತ್ರ ಅದು ಗೊತ್ತಾಗುತ್ತದೆ, ದೊಡ್ಡವರು ನಂಬುವುದಿಲ್ಲ.

ಆ ಆಟದ ದಾಳಗಳಿಗೆ ಹತ್ತೆಂಟು ಮುಖಗಳಂತೆ. ನಮ್ಮಲ್ಲಿದ್ದದ್ದು ಅತ್ತೆಯ ಚೌಕಾಬಾರದ ಕವಡೆಗಳು. ಎರಡು ಕವಡೆಯಾದರೂ ಬಾಯಿ ಮೇಲಾಗಿ ಬಿದ್ದರೆ ಕೆಲಸ ಆಯಿತು, ಕಡಿಮೆಯಾದರೆ ಕೆಟ್ಟಿತು. ನಾಲ್ಕೂ ಬೋರಲು ಬಿದ್ದರೆ ಎಂಟು, ಆಗ ಕೇಳಿದ್ದು ಸಿಕ್ಕಂತೆ. ಧೈರ್ಯಕ್ಕೆ ಹುಣಸೆ ಬೀಜ. ಹೆದರಿದಾಗೆಲ್ಲ ಒಂದೊಂದು ಬೀಜ ಹೋಗುತ್ತಿತ್ತು, ಎಲ್ಲ ಹೋದರೂ ಸತ್ತಂತೆ.

ಆಡುವವರು ನಾವು ಮೂವರು: ನಾನು, ಗಿರೀಶನ ತಂಗಿ ವಾಣಿ, ಪಕ್ಕದ ಓಣಿಯ ಬಸು. ಬಸುವಿನ ಮನೆಯಲ್ಲಿ ಕುರಿ ಸಾಕುತ್ತಿದ್ದರು. ಹುಡುಗ ಗಿರೀಶನಿಗಿಂತ ಗಟ್ಟಿ, ಯಾವುದಕ್ಕೂ ಜಗ್ಗುವವನಲ್ಲ. ಡಬ್ಬಿಗಳ ಮೇಲಿನ ಮುಖಗಳಲ್ಲಿ ನಮಗೆ ಬೇಕಾದ್ದನ್ನು ಆರಿಸಿಕೊಂಡೆವು. ಹಳದಿ ಕೂದಲಿನವಳು ನನ್ನ ಪಾಲು. ಲಿಂಡಾ ಎಂದು ಹೆಸರಿಟ್ಟೆ. ಬಸು ಟೋನಿಯಾದ. ವಾಣಿ ಮಾತ್ರ ಏನು ಹೇಳಿದರೂ ಕೇಳದೆ ಪಿಂಕಿ ಅಂತಲೇ ಇಟ್ಟುಕೊಂಡಳು.

ಗಿರೀಶ ಕತೆ ಶುರು ಮಾಡಿದ. ಅವನು ಅಮೆರಿಕವನ್ನೂ ಕಂಡವನಲ್ಲ, ಆ ಪಿಕ್ಚರುಗಳನ್ನೂ ಕಂಡವನಲ್ಲ. ಅವನ ಅಮೆರಿಕದ ಕೆರೆಗೆ ಏರಿ ಇತ್ತು, ಏರಿಯ ಮೇಲೆ ಎಮ್ಮೆ ಹೋಗುತ್ತಿದ್ದವು. ಆದರೂ ಅವನು ದನಿ ಇಳಿಸಿ, "ಮನಿ ಹಿಂದೆ ಏನೋ ಸಪ್ಪಳಾತು. ಏನ್ ಮಾಡ್ತೀರಿ?" ಅಂದಾಗ ನನ್ನ ಕುತ್ತಿಗೆಯ ಹಿಂದೆ ಜುಮ್ಮೆಂದಿತು.

"ಎಂತ ಸಪ್ಪಳ ಅದು? ನಾ ಹೋಗಿ ನೋಡ್ತೆ," ಎಂದೆ.

"ಎಂತ ಅಂತ ಎಂತ!" ಗಿರೀಶ ಬಿದ್ದು ಬಿದ್ದು ನಕ್ಕ. "ಲಿಂಡಾ ಸೊರಬದಾಕಿ ಕಣ್ರಲೇ!" ಕವಡೆ ಹಾಕಿಸಿದ. ಒಂದೇ ಬಾಯಿ ಮೇಲಾಯಿತು. "ಸತ್ತಿ. ಹೋಗು, ಸತ್ತೋರು ಕೆಳಗಿಂದ ನೀರು ತರಬೇಕು."

"ನಾನೇ ಯಾಕೆ ಮೊದ್ಲು?"

"ಹುಡುಗಿ ಮೊದ್ಲು ಸಾಯ್ತಾಳೆ. ಆ ಪಿಚ್ಚರ್‌ನಾಗ ಹಂಗೇ ಇರ್ತತಿ."

ಇದು ಶುದ್ಧ ಸುಳ್ಳು. ಎಷ್ಟೋ ವರ್ಷಗಳಾದ ಮೇಲೆ ನಾನು ಅಂಥ ಪಿಕ್ಚರುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲರೂ ಸತ್ತ ಮೇಲೆ ಕೊನೆಗೆ ಎದ್ದು ನಿಲ್ಲುವವಳು ಬಹುಮಟ್ಟಿಗೆ ಹುಡುಗಿಯೇ. ಆದರೆ ಆ ಬೇಸಿಗೆಯಲ್ಲಿ ನಮಗದು ಗೊತ್ತಿರಲಿಲ್ಲ. ಮರುದಿನವೂ ನಾನೇ ಸತ್ತೆ. ಅದರ ಮರುದಿನ ಬಾವಿಯಲ್ಲಿ ಬಿದ್ದು ಸತ್ತೆ. ಓಣಿಯ ಮಕ್ಕಳೆಲ್ಲ ನನ್ನನ್ನು "ಎಂತ" ಅಂತಲೇ ಕರೆಯತೊಡಗಿದರು. ನಾನು ತಂಬಿಗೆ ಹಿಡಿದು ಏಣಿ ಇಳಿಯುತ್ತಿದ್ದೆ, ಹತ್ತುತ್ತಿದ್ದೆ.

ಹಾಗೆ ಇಳಿದಾಗಲೇ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತಿದ್ದದ್ದು. ಅಪ್ಪನ ಫೋನು ಬಂದರೆ ಮಾವ ಅಂಗಡಿ ಬಿಟ್ಟು ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದರು. ಮೊದಮೊದಲು ಅಮ್ಮನ ಹತ್ತಿರ ಮಾತಾಡಲು ನನಗೂ ಫೋನು ಕೊಡುತ್ತಿದ್ದರು, ಆಮೇಲೆ ನಿಂತುಹೋಯಿತು. "ಅಮ್ಮ ಎಲ್ಲಿ?" ಎಂದರೆ, "ಮಲಗ್ಯಾಳವಾ. ಏನಿಲ್ಲ, ನೀ ಆಡ್ಕೋ ಹೋಗು," ಎನ್ನುತ್ತಿದ್ದರು. ಅತ್ತೆ ಸಂಡಿಗೆ ಒತ್ತುವುದನ್ನು ನಿಲ್ಲಿಸಿ ಮಾವನ ಮುಖ ನೋಡುತ್ತಿದ್ದರು, ನಾನು ಕಂಡ ಕೂಡಲೇ ಒತ್ತತೊಡಗುತ್ತಿದ್ದರು. ಕೇಳಲು ಬಾಯಿ ಬರುತ್ತಿರಲಿಲ್ಲ. ಅಟ್ಟದ ದೆವ್ವವೇ ವಾಸಿ ಎನಿಸಿ ಮತ್ತೆ ಮೇಲೆ ಹತ್ತುತ್ತಿದ್ದೆ.

ಗಿರೀಶನಿಗೆ ಹತ್ತನೆಯ ತರಗತಿಯ ಕೋಚಿಂಗ್ ಶುರುವಾಗುವುದಿತ್ತು. ಅದರ ಹಿಂದಿನ ದಿನ ಅವನು ಡಂಗುರ ಸಾರಿದ: "ಇವತ್ತು ದೊಡ್ಡ ಆಟ. ಬದುಕಿ ಉಳಿದೋರಿಗೆ ಕತೆ ಹೇಳೋ ಜಾಗ." ಅವನು ಕೂರುತ್ತಿದ್ದದ್ದು ಹಳೆಯ ಟಿವಿ ಪೆಟ್ಟಿಗೆಯ ಮೇಲೆ. ಆ ಜಾಗದ ಮೇಲೆ ನನಗೆ ಎಂಥ ಆಸೆಯಿತ್ತೆಂದು ಈಗ ಹೇಳಿದರೆ ನಗುತ್ತೀರಿ.

ಅತ್ತೆ ಕೊಟ್ಟ ಮಂಡಕ್ಕಿ ಒಗ್ಗರಣೆ ಮುಗಿಸಿ ಕೂತೆವು. ಕತೆಯಲ್ಲಿ ಕೆರೆಯಿಂದ ಎದ್ದ ಅದು ಊರೊಳಗೆ ಬಂದಿತ್ತು. ನಾವು ಮೂವರು ಹಳೆ ಶಾಲೆಯ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡಿದ್ದೆವು.

"ದೀಪ ಹೋತು," ಗಿರೀಶ ಪಿಸುಗುಟ್ಟಿದ. "ಮುಂದೆ ಮೂರು ದಾರಿ ಅದಾವು. ಯಾರು ಯಾವ ಕಡೆ ಹೋಗ್ತೀರಿ?"

ಬಸು ಎಂದಿನಂತೆ, "ನಾನು ಎಡಕ್ಕೆ" ಎನ್ನಲು ಬಾಯಿ ತೆರೆದ. ನಾನು ಅವನ ಮೊಣಕೈ ಹಿಡಿದೆ. ದಿನಾ ಸತ್ತು ನೀರು ತರುತ್ತಿದ್ದ ನನಗೆ ಒಂದು ಗೊತ್ತಾಗಿತ್ತು. ಗಿರೀಶ ಯಾವಾಗಲೂ ನಮ್ಮನ್ನು ಬೇರೆ ಬೇರೆ ಮಾಡಿಯೇ ಕೊಲ್ಲುತ್ತಿದ್ದ.

"ನಾವು ಬೇರೆ ಬೇರೆ ಹೋಗದಿಲ್ಲ," ಎಂದೆ. "ಮೂವರೂ ಒಂದೇ ಕಡೆ. ಕೈ ಕೈ ಹಿಡ್ಕೊಂಡು."

"ಹಂಗೆ ಬರಂಗಿಲ್ಲ."

ಬಸುವಿನ ಮುಖ ಅರಳಿತು. "ಯಾಕೆ ಬರಂಗಿಲ್ಲ? ತೋಳ ಬಂದ್ರೆ ಕುರಿ ಏನ್ ಮಾಡ್ತಾವೆ? ಒಂದಕ್ಕೊಂದು ಅಂಟ್ಕೊಂಡು ನಿಲ್ತಾವೆ. ಒಂಟಿಯಾಗಿ ಓಡಿದ್ದನ್ನ ತೋಳ ಒಯ್ತತಿ. ಎಂತ ಹೇಳಿದ್ದು ಖರೆ ಐತಿ."

ಗಿರೀಶ ಬಿಸಿಯಾದ. ಕೆರೆಯಿಂದ ಎದ್ದದ್ದನ್ನು ನೇರ ನಮ್ಮ ಮೇಲೆ ಬಿಟ್ಟ. ಮೂವರೂ ಒಟ್ಟಿಗೆ ಇದ್ದದ್ದರಿಂದ ಒಬ್ಬರ ಕವಡೆ ಕೆಟ್ಟರೆ ಇನ್ನೊಬ್ಬರದು ಹಿಡಿಯಿತು. ಬೀಜಗಳು ಹೋದವು, ಜೀವ ಹೋಗಲಿಲ್ಲ. ತೆವಳಿಕೊಂಡು ಶಾಲೆಯಿಂದ ಹೊರಗೆ ಬಂದೆವು. ಮೂವರ ಹತ್ತಿರವೂ ಕೊನೆಯ ಬೀಜ ಉಳಿದಿತ್ತು.

"ಈಗ ಅದು ಬೀದಿ ತುದಿಯಾಗ ನಿಂತತಿ. ಏನ್ ಮಾಡ್ತೀರಿ?"

"ಮನೆಗೆ ಓಡಿ ದೊಡ್ಡೋರಿಗೆ ಹೇಳ್ತೇವೆ," ಎಂದೆ.

"ದೊಡ್ಡೋರು ನಂಬಂಗಿಲ್ಲ. ಅದು ರೂಲು."

"ಯಾವ ದೊಡ್ಡೋರು? ಕೇಳಿದ್ಯನಾ ನೀನು?" ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಅದು ಗಿರೀಶನ ಮೇಲಿನ ಸಿಟ್ಟಷ್ಟೇ ಆಗಿರಲಿಲ್ಲ ಎಂದು ಈಗ ತಿಳಿಯುತ್ತದೆ. ಎದ್ದು ಏಣಿಯ ಕಂಡಿಗೆ ಬಗ್ಗಿ ಕೂಗಿದೆ. "ಅತ್ತೇ! ಕೆರೆಯಿಂದ ಎಂತದೋ ಎದ್ದು ಬಂದು ಮಕ್ಕಳನ್ನ ಹಿಡೀತಿದೆ ಅಂದ್ರೆ ನಂಬ್ತೀರಾ?"

ಕೆಳಗೆ ಸಂಡಿಗೆ ಒರಳಿನ ಸದ್ದು ನಿಂತಿತು.

"ಯಾಕೆ ನಂಬಬಾರ್ದು?" ಅತ್ತೆಯ ದನಿ ಬಂತು. "ಮೊದ್ಲು ಎಲ್ಲಾರೂ ಒಳಗೆ ಬರ್ರಿ. ಬಾಗಿಲು ಹಾಕ್ರಿ. ಯಾವನದು ಅದು, ನಾ ನೋಡ್ತೀನಿ!"

ವಾಣಿ ಕಿಟಾರನೆ ಕಿರುಚಿದಳು. ಬಸು ಹಲಗೆ ಗುದ್ದಿದ. ಅಷ್ಟರಲ್ಲಿ ಅತ್ತೆ ಹಿಟ್ಟಿನ ಕೈಯಲ್ಲೇ, ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿ ಬಂದೇಬಿಟ್ಟರು. ಧೂಳಿನ ಹಲಗೆಯ ಮೇಲೆ ನಮ್ಮ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, "ಈಗೇನ್ ಮಾಡ್ಬೇಕು?" ಎಂದು ಕೇಳಿದರು.

"ಕವಡೆ ಹಾಕ್ಬೇಕವ್ವಾ," ಎಂದಳು ವಾಣಿ.

"ಅವ್ವ ಆಟದಾಗ ಇಲ್ಲ!" ಗಿರೀಶ ಎದ್ದು ನಿಂತ.

"ಕವಡೆ ಯಾರದ್ಲೇ?" ಎಂದರು ಅತ್ತೆ.

ಚೌಕಾಬಾರದಲ್ಲಿ ಅವರನ್ನು ಸೋಲಿಸಿದವರು ಆ ಓಣಿಯಲ್ಲಿರಲಿಲ್ಲ. ಕವಡೆಗಳನ್ನು ಅಂಗೈಯಲ್ಲಿ ಉಜ್ಜಿ, ನನ್ನ ಕಡೆ ಒಮ್ಮೆ ನೋಡಿ ಬಿಟ್ಟರು. ನಾಲ್ಕೂ ಬೋರಲು. ಎಂಟು! ನಾವು ಕೂಗಿದ ಕೂಗಿಗೆ ಮಾವ ಕೈಯಲ್ಲಿದ್ದ ಸ್ಕ್ರೂಡ್ರೈವರು ಬಿಟ್ಟು ಬೀದಿಗೆ ಓಡಿದರಂತೆ. ಟೋನಿ ಬದುಕಿದ, ಪಿಂಕಿ ಬದುಕಿದಳು, ಸೊರಬದ ಲಿಂಡಾ ಅತ್ತೆಯ ಕೈ ಹಿಡಿದುಕೊಂಡು ಅದನ್ನು ಕೆರೆಯವರೆಗೂ ಅಟ್ಟಿಸಿಕೊಂಡು ಹೋದಳು. ಗಿರೀಶ ಪಾಪ, ಅದು ಮುಳುಗಿದ್ದನ್ನು ತಾನೇ ಕತೆಯಾಗಿ ಹೇಳಿ ಮುಗಿಸಬೇಕಾಯಿತು. ಚೆನ್ನಾಗಿಯೇ ಹೇಳಿದ.

ಅವರು ಮೂವರೂ ಕುಣಿಯುತ್ತಿದ್ದರು. ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ, ಕೇಳಿಯೇಬಿಟ್ಟೆ. "ಅತ್ತೆ, ಅಮ್ಮಂಗೆ ಎಂತ ಆಗಿದೆ?"

ಅವರ ಕೈ ನಿಂತಿತು. "ಏನಿಲ್ಲ" ಎನ್ನುತ್ತಾರೆ ಎಂದುಕೊಂಡೆ. ಅವರು ಹಾಗೆನ್ನಲಿಲ್ಲ.

"ಬೀಪಿ ಬಾಳ ಏರೇತಿ. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸ್ಯಾರೆ. ಕೂಸನ್ನ ದಿನ ತುಂಬೋಕ್ಕಿಂತ ಮುಂಚೆ ತೆಗಿಬೇಕಾಗ್ತತಿ ಅಂತಾರೆ. ಡಾಕ್ಟ್ರು ದಿನಾ ನೋಡಾಕತ್ಯಾರೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೆದರ್ತೀಯಂತ."

"ಹೇಳದಿದ್ದಿದ್ದಕ್ಕೇ ಹೆದರಿಕೆ ಆಗ್ತಿತ್ತು," ಎಂದೆ. ಅಳು ಬಂತು.

ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಮುಖ ಒರೆಸಿ, ಕಂಡಿಗೆ ಬಗ್ಗಿ ಮಾವನನ್ನು ಕರೆದರು. "ರೀ, ನಾಳಿ ಮೊದಲ್ನೇ ಬಸ್ಸಿಗೆ ನಾನೂ ಈ ಹುಡುಗೀನೂ ಶಿವಮೊಗ್ಗಕ್ಕೆ ಹೋಗ್ತೀವ್ರಿ."

"ಸಣ್ಣ ಹುಡುಗಿ ಅದು. ಆಸ್ಪತ್ರೆಗೆ ಯಾಕೆ?"

"ಸಣ್ಣಾಕಿ ಅಲ್ರಿ. ಈಗ ಮ್ಯಾಲೆ ಏನ್ ಮಾಡ್ಯಾಳೆ ಅಂತ ನಿಮಗೇನ್ ಗೊತ್ತು?"

ಅಷ್ಟು ಹೆಮ್ಮೆಯ ಮಾತನ್ನು ನನ್ನ ಬಗ್ಗೆ ಅದಕ್ಕೆ ಮೊದಲು ಯಾರೂ ಆಡಿರಲಿಲ್ಲ.

ಆಸ್ಪತ್ರೆಯಲ್ಲಿ ಅಮ್ಮನ ಕಾಲು ಊದಿತ್ತು, ಮುಖ ಬಿಳಿಚಿತ್ತು. "ಇವಳನ್ನ ಯಾಕೆ ಕರ್ಕೊಂಡು ಬಂದ್ರಿ ಅತ್ತಿಗೆ?" ಎನ್ನುತ್ತಲೇ ಎರಡೂ ಕೈ ಚಾಚಿದಳು. ನಾನು ಮಂಚದ ತುದಿಗೆ ಕೂತು ಕೆರೆ, ನೆಲಮಾಳಿಗೆ, ಅತ್ತೆಯ ಎಂಟು, ಎಲ್ಲ ಹೇಳಿದೆ. ಅಮ್ಮ ನಕ್ಕ ನಗೆಗೆ ನರ್ಸು ಬಂದು ಗದರಿಸಿದಳು. ಆ ವಾರವೇ ತಮ್ಮ ಹುಟ್ಟಿದ. ಅಂಗೈಯಷ್ಟು ಕೂಸು, ಗಾಜಿನ ಪೆಟ್ಟಿಗೆಯಲ್ಲಿ ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಅಮ್ಮನೂ ಉಳಿದಳು, ಅವನೂ ಉಳಿದ.

ಅವರು ಸೊರಬದ ಮನೆ ಸೇರಿದ ಮೇಲೆ ನಾನು ಹಟ ಹಿಡಿದು ಶಿಕಾರಿಪುರಕ್ಕೆ ಮತ್ತೆ ಹೋದೆ. ಗೆದ್ದ ಜಾಗ ಬಾಕಿಯಿತ್ತಲ್ಲ! ಟಿವಿ ಪೆಟ್ಟಿಗೆಯ ಮೇಲೆ ಕೂತು ಅಮೆರಿಕವನ್ನು ಬಿಟ್ಟು ಆ ತಾಲೂಕಿನದೇ ಹಳೇ ಊರು ಬಂದಳಿಕೆಯನ್ನು ಹಿಡಿದೆ. ಬಸು ಅಲ್ಲೆಲ್ಲ ಕುರಿ ಹೊಡೆದುಕೊಂಡು ಹೋಗಿದ್ದ. ಆ ಬಿದ್ದ ಗುಡಿಗಳು, ಯಾರೂ ಓದಲಾಗದ ಕಲ್ಲುಗಳು, ಕಲ್ಲಿನ ಹಿಂದಿನಿಂದ ಹೆಸರು ಹಿಡಿದು ಕರೆಯುವ ದನಿ. ಎಲ್ಲವನ್ನೂ ನಮ್ಮ ಸೊರಬದ ಮಾತಿನಲ್ಲೇ ಹೇಳಿದೆ. ಯಾರೂ ನಗಲಿಲ್ಲ. ನಡು ಮಧ್ಯಾಹ್ನದ ಉರಿಬಿಸಿಲಲ್ಲಿ, ಕೋಚಿಂಗ್ ಮುಗಿಸಿ ಬಂದಿದ್ದ ಗಿರೀಶನೇ ಮೊದಲು ಬೀಜಗಳನ್ನೆಲ್ಲ ಕಳೆದುಕೊಂಡ. ನೀರು ತರಲು ಇಳಿಯುವಾಗ ಮೆಲ್ಲಗೆ, "ವಾಣಿ, ನೀನೂ ಬಾರೆ," ಎಂದ.

ಈಗ ಗಿರೀಶನಿಗೆ ತನ್ನದೇ ಅಂಗಡಿ, ಬಸುವಿಗೆ ದೊಡ್ಡ ಹಿಂಡು, ವಾಣಿ ಹಾವೇರಿ ಕಡೆಯ ಸೊಸೆ. ನಾನು ದಾವಣಗೆರೆಯಲ್ಲಿ ಪಾಠ ಹೇಳುತ್ತೇನೆ. ಹೋದ ವರ್ಷ ನನ್ನ ಜೊತೆಯ ಮೇಷ್ಟ್ರೊಬ್ಬರು ಆ ಆಟದ ನಿಜವಾದ ಪುಸ್ತಕ ತರಿಸಿದರು. ದಪ್ಪ ಕಾಗದ, ಬಣ್ಣದ ಚಿತ್ರ, ಇಪ್ಪತ್ತು ಮುಖದ ದಾಳ. ಒಂದು ಭಾನುವಾರ ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ ಕೂತು ಆಡಿದೆವು. ನಿಯಮ ತಪ್ಪಲಿಲ್ಲ, ಜಗಳವಾಗಲಿಲ್ಲ, ಹೊತ್ತಿಗೆ ಸರಿಯಾಗಿ ಮುಗಿಯಿತು. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆದರೆ ಆಟದ ನಡುವೆ ಒಮ್ಮೆ, ಕೆಳಗಿನಿಂದ ಸಂಡಿಗೆ ಒರಳಿನ ಸದ್ದು ಬಂದೀತೇನೋ ಎಂದು ಸುಮ್ಮನೆ ಕಿವಿ ನಿಮಿರಿತು. ಕೆಳಗಿನ ಮನೆಗೆ ಬೀಗ ಬಿದ್ದಿತ್ತು. ದೊಡ್ಡವರು ಎನ್ನಬಹುದಾದವರು ಅಲ್ಲಿ ನಾವೇ ಇದ್ದೆವು, ಮತ್ತು ನಮ್ಮನ್ನು ಕೂಗಿ ಕರೆಯುವ ಮಕ್ಕಳು ಯಾವ ಅಟ್ಟದಲ್ಲೂ ಇರಲಿಲ್ಲ.