ಇಗರ್ಜಿಯ ಕಮಾನಿಗೆ ಕಟ್ಟಿದ ಕದಿರು

ಸುಗುಣಕ್ಕನಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ. ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವಳೂ ಸೆರಗು ಸಿಕ್ಕಿಸಿಕೊಂಡು "ಹೌದ್ ಮಾರಾಯ, ಇತ್ತ್. ಎಂತ ಈಗ?" ಎಂದಿದ್ದಾಳೆ. ತೆಕ್ಕಟ್ಟೆಯ ತಂಗಿಯ ಮನೆಯಲ್ಲಿ ಮಲ್ಲಿಗೆ ಚೆನ್ನಾಗಿ ಬಿಟ್ಟಿತೆಂದು ಕೇಳಿದರೆ ಆ ದಿನ ಇವಳಿಗೆ ಊಟ ಸೇರುವುದಿಲ್ಲ. ಪಕ್ಕದವರ ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿದ್ದರೆ ಅದಕ್ಕೂ ಮೂಗು ಮುರಿಯುತ್ತಾಳೆ. ಒಂದೇ ಒಂದು ವಿಷಯದಲ್ಲಿ ಅವಳಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ, ಏಕೆಂದರೆ ಅದು ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅದು ಅವಳ ಗುಹೆ.

ನಾನು ಚಂದ್ರ, ತ್ರಾಸಿಯಲ್ಲಿ ರಿಕ್ಷಾ ಓಡಿಸುವವನು. ಕಡಲು ನೋಡಿ ಮುಗಿಸಿದ ಪ್ರವಾಸಿಗರು "ಇನ್ನೇನಿದೆ ಇಲ್ಲಿ?" ಎಂದು ಕೇಳಿದರೆ ಹೆದ್ದಾರಿ ಬಿಟ್ಟು ಮೂಡು ದಿಕ್ಕಿಗೆ, ಬಾವಲಿಹಾಡಿ ಎಂಬ ಊರಿಗೆ ಕರೆದೊಯ್ಯುತ್ತೇನೆ. ಅಲ್ಲಿಯ ಗುಡ್ಡ ಪೂರ್ತಿ ಮುರಕಲ್ಲು, ನಾವು ಮನೆ ಕಟ್ಟುವ ಕೆಂಪು ಕಲ್ಲು. ಮೇಲೆ ಗಟ್ಟಿ, ಒಳಗೆ ಮೆದು. ಮಳೆನೀರು ಒಳಗಿನ ಮಣ್ಣನ್ನು ತೊಳೆದುಕೊಂಡು ಹೋದಲ್ಲೆಲ್ಲ ಪೊಳ್ಳಾಗಿ ಬಿಲ ಬಿದ್ದಿದೆ. ಹೆಚ್ಚಿನವು ಮುಳ್ಳುಹಂದಿ ನುಗ್ಗುವಷ್ಟು. ಸುಗುಣಕ್ಕನ ಮನೆಯ ಹಿಂದಿನದು ಮಾತ್ರ ಮನುಷ್ಯರು ನಡೆದು ಹೋಗುವಷ್ಟು ದೊಡ್ಡದು.

ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಎಮ್ಮೆಕರು ಮಳೆಯಲ್ಲಿ ತಪ್ಪಿಸಿಕೊಂಡು ಆ ಗುಹೆಯೊಳಗೆ ಹೊಕ್ಕಿತಂತೆ. ಗಂಡ ಸುಬ್ಬಣ್ಣ ಆಗ ಬೊಂಬಾಯಿಯ ಹೋಟೆಲಿನಲ್ಲಿದ್ದ, ಮೊಣಕಾಲು ನೋವು ಹಿಡಿದು ಊರಿಗೆ ಮರಳಿದ್ದು ಆಮೇಲೆ. ಅತ್ತೆ ಬೇಡ ಬೇಡ ಎನ್ನುತ್ತಿದ್ದಂತೆ ಇವಳು ಲಾಟೀನು ಹಿಡಿದು ಸೊಂಟದವರೆಗಿನ ನೀರಿನಲ್ಲಿ ಒಳಗೆ ನಡೆದಳು. ತುದಿಯಲ್ಲಿ ಚಾವಡಿಯಷ್ಟು ದೊಡ್ಡ ಕೋಣೆ, ಮೇಲಿಂದ ಒಂದೇ ಜಾಗಕ್ಕೆ ತೊಟ್ಟಿಕ್ಕುವ ನೀರು, ಅದರ ಕೆಳಗೆ ಬೋಳುಕಲ್ಲು, ಕಲ್ಲಿನ ಪಕ್ಕ ನಡುಗುತ್ತ ನಿಂತ ಕರು. ಅತ್ತೆ ಕಲ್ಲಿನ ಸುದ್ದಿ ಕೇಳಿ ಈಶ್ವರನೇ ಸೈ ಎಂದು ಅಲ್ಲೇ ಕೈಮುಗಿದರು. ಅಂದಿನಿಂದ ಅಲ್ಲಿಗೆ ದೀಪ ಒಯ್ಯುವವಳು ಸುಗುಣಕ್ಕ. ನೋಡಲು ಬಂದವರನ್ನು ಕರೆದುಕೊಂಡು ಹೋಗುವವಳೂ ಅವಳೇ.

ಆ ಕರೆದುಕೊಂಡು ಹೋಗುವ ರೀತಿಯನ್ನು ನೀವು ನೋಡಬೇಕು. ಅವಳು ಹಿಂದುಹಿಂದಕ್ಕೆ ನಡೆಯುತ್ತಾಳೆ. ದೀಪವನ್ನು ಎದೆಯ ಮಟ್ಟದಲ್ಲಿ ಹಿಡಿದು, ಬಂದವರ ಕಡೆಗೇ ಮುಖ ಮಾಡಿ, ಬೆನ್ನ ಹಿಂದಿನ ಹೊಂಡ, ತಿರುವು, ತಲೆಗೆ ತಾಗುವ ಕಲ್ಲು ಎಲ್ಲವನ್ನೂ ಅಂಗಾಲಿನಲ್ಲೇ ತಿಳಿದುಕೊಂಡು ಹೋಗುತ್ತಾಳೆ. "ಮುಂದ್ ಕತ್ಲಿ ಕಂಡ್ರೆ ಜನ ಹೆದರ್ತ್ರ್. ನನ್ ಮೊಕ ಕಂಡ್ರೆ ಬತ್ರ್," ಎನ್ನುವುದು ಅವಳ ವಾದ. ನಿಜ. ಗಡ್ಡ ಬಿಟ್ಟ ದೊಡ್ಡ ದೊಡ್ಡ ಗಂಡಸರು ಅವಳ ಮುಖವನ್ನೇ ನೋಡುತ್ತ, ಬಾವಲಿಯ ರೆಕ್ಕೆ ಕಿವಿಗೆ ಸೋಕಿದರೂ ಉಸಿರೆತ್ತದೆ ನೀರಿನಲ್ಲಿ ಹೆಜ್ಜೆ ಹಾಕುವುದನ್ನು ನಾನೇ ಕಂಡಿದ್ದೇನೆ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೊಸ್ತು ಅಂದರೆ ನಮ್ಮಲ್ಲಿ ಹೊಸ ಅಕ್ಕಿ ಉಣ್ಣುವ ಹಬ್ಬ. ಅವತ್ತು ನಸುಕಿಗೇ ಗದ್ದೆಯಿಂದ ಭತ್ತದ ಕದಿರು ತಂದು, ಮಾವಿನೆಲೆ ಹಲಸಿನೆಲೆ ಜೊತೆಗಿಟ್ಟು, ನಾರಿನಲ್ಲಿ ಸುತ್ತಿ ನಮ್ಮದು ಎನ್ನುವ ಎಲ್ಲದಕ್ಕೂ ಕಟ್ಟುತ್ತೇವೆ. ಬಾಗಿಲಿಗೆ, ಬಾವಿಕಟ್ಟೆಗೆ, ತೆಂಗಿನ ಮರಕ್ಕೆ, ನನ್ನ ರಿಕ್ಷಾಕ್ಕೆ. ಸುಗುಣಕ್ಕ ಪ್ರತಿ ವರ್ಷ ಗುಹೆಯ ಬಾಯಿಗೂ ಕಟ್ಟುತ್ತಿದ್ದಳು. ಕಟ್ಟಿದ ಮೇಲೆ ಗುಹೆ ಯಾರದೆಂದು ಯಾರೂ ಕೇಳುವ ಹಾಗಿಲ್ಲ.

ಹೀಗೆ ಸುಖವಾಗಿದ್ದಾಗ ವಿನಯಾ ಬಂದಳು.

ವಿನಯಾ ಸುಬ್ಬಣ್ಣನ ತಮ್ಮ ಸುಧಾಕರನ ಹೆಂಡತಿ. ಗಂಡ ಹೆಂಡತಿ ಬೊಂಬಾಯಿಯಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಅದು ಮುಚ್ಚಿದ್ದರಿಂದ ಕಳೆದ ವರ್ಷ ಹಬ್ಬಗಳೆಲ್ಲ ಕಳೆದ ಮೇಲೆ ಊರಿಗೆ ಬಂದು, ಅಣ್ಣನ ಅಂಗಳದ ಬದಿಯ ಎರಡು ಕೋಣೆಯಲ್ಲಿ ಒಲೆ ಹೂಡಿದರು. ಮಾವ ತೀರಿಕೊಂಡಾಗಲೇ ಪಾಲಾಗಿತ್ತು. ಮನೆ, ಗದ್ದೆ, ಗುಹೆಯ ಜಾಗ ಸುಬ್ಬಣ್ಣನಿಗೆ ಬಂದಿದ್ದವು. ಗುಡ್ಡದ ಆಚೆ ಬದಿಯ ಹಳೆಯ ಕಲ್ಲುಕೋರೆ ಸುಧಾಕರನ ಪಾಲು. ಬೊಂಬಾಯಿಯಲ್ಲಿರುವವನಿಗೆ ಕೋರೆ ಸಾಕು ಎಂದು ಆಗ ಎಲ್ಲರೂ ಅಂದುಕೊಂಡಿದ್ದರು.

ಮೊದಮೊದಲು ಸುಗುಣಕ್ಕನೇ ಓರಗಿತ್ತಿಯನ್ನು ಗುಹೆಯ ಕೆಲಸಕ್ಕೆ ಕರೆದಳು. ವಿನಯಾ ಒದ್ದೆಯಾಗಿ ಹೊರಬಂದವರಿಗೆ ಮೈ ಒರೆಸಲು ಒಣ ಬೈರಾಸು ಕೊಟ್ಟಳು, ಶುಂಠಿ ಕಷಾಯ ಕೊಟ್ಟಳು, ಬಡಗಣ ಕಡೆಯವರೊಡನೆ ಅವರದೇ ಹಿಂದಿಯಲ್ಲಿ "ಆರಾಮ್ಸೆ, ಆರಾಮ್ಸೆ" ಎಂದಳು, ಮೊಬೈಲಿನಲ್ಲಿ ಫೋಟೋ ತೆಗೆದುಕೊಟ್ಟಳು. ಮಳೆಗಾಲದ ಮೊದಲೇ ನನ್ನ ರಿಕ್ಷಾ ಹತ್ತುವವರು "ಆ ನಗುವ ಅಕ್ಕ ಇದ್ದಾರಲ್ಲ, ಅವರ ಹತ್ತಿರ ಬಿಡಿ" ಎನ್ನಲು ಶುರುಮಾಡಿದರು. ನಾನು ಬಾಯಿಗೆ ಬೀಗ ಇಲ್ಲದವನು, ಅದನ್ನು ಸುಗುಣಕ್ಕನಿಗೆ ಹೇಳಿಬಿಟ್ಟೆ. ಅವಳ ಮುಖ ಅಲ್ಲೇ ಕಪ್ಪಿಟ್ಟಿತು.

"ನಾಳಿಂದ ನೀನ್ ಬಪ್ಪುದ್ ಬ್ಯಾಡ. ಗುಹೆ ನಂದ್," ಎಂದಳು ಸಂಜೆ ವಿನಯಾಳಿಗೆ.

ವಿನಯಾ ಜಗಳಕ್ಕೆ ನಿಲ್ಲಲಿಲ್ಲ. ನಿಂತಿದ್ದರೆ ಸುಗುಣಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕತ್ತಿ ಹಿಡಿದು ಗುಡ್ಡ ಹತ್ತಿ ಆಚೆ ಇಳಿದವಳು, ಗಂಡನ ಪಾಲಿನ ಕೋರೆಯಲ್ಲಿ ಬಳ್ಳಿ ಕಡಿಯುತ್ತ ಕೂತಳು. ಬಳ್ಳಿಯ ಹಿಂದೆ ಇಗರ್ಜಿ ಇತ್ತು, ಪುಟ್ಟದೊಂದು ಚರ್ಚು. ಮಾವನ ಕಾಲದಲ್ಲಿ ಬ್ರಹ್ಮಾವರದ ಕಡೆಯಿಂದ ಕಲ್ಲು ಕಡಿಯಲು ಬಂದ ಕ್ರಿಶ್ಚಿಯನ್ನರು ಕೋರೆಯಲ್ಲೇ ಬಿಡಾರ ಮಾಡಿದ್ದರಂತೆ. ಭಾನುವಾರ ಅಷ್ಟು ದೂರ ಹೋಗಿಬರಲು ಆಗದೆ, ಎದುರಿನ ಕಲ್ಲುಗೋಡೆಯನ್ನೇ ಒಳಕ್ಕೆ ಕೊರೆದು ತಮಗೊಂದು ಪ್ರಾರ್ಥನೆಯ ಜಾಗ ಮಾಡಿಕೊಂಡಿದ್ದರು. ಒಂದು ಕಮಾನು, ಎರಡು ಕಂಬ, ಕುಳಿತುಕೊಳ್ಳಲು ಕಲ್ಲಿನ ಜಗಲಿ, ಹಿಂದಿನ ಗೋಡೆಯಲ್ಲಿ ಉಬ್ಬಿ ನಿಂತ ಶಿಲುಬೆ. ಎಲ್ಲ ಒಂದೇ ಕಲ್ಲು, ಎಲ್ಲೂ ಗಾರೆ ಇಲ್ಲ. ಕೋರೆ ನಿಂತ ಮೇಲೆ ಎಲ್ಲರೂ ಅದನ್ನು ಮರೆತಿದ್ದರು. ಆ ಕಲ್ಲುಕೆಲಸದವರಲ್ಲಿ ಒಬ್ಬರ ಮಗಳು, ಸಿಸಿಲಿಬಾಯಿ ಎಂಬ ಮುದುಕಿ, ಸುದ್ದಿ ತಿಳಿದು ಬ್ರಹ್ಮಾವರದಿಂದ ಬಂದು ಮೇಣದ ಬತ್ತಿ ಹಚ್ಚಿ ಅತ್ತು ಹೋದಳು. ಮರುವಾರದಿಂದ ಜನ ಬರತೊಡಗಿದರು. ಸೊಂಟದವರೆಗೆ ನೆನೆಯುವ ಕಷ್ಟವಿಲ್ಲ, ಬಾವಲಿ ಇಲ್ಲ. ಮಕ್ಕಳು ಮುದುಕರು ಎಲ್ಲರಿಗೂ ಆಗುತ್ತದೆ. ನನ್ನ ರಿಕ್ಷಾವೂ ಹೆಚ್ಚಾಗಿ ಅತ್ತಲೇ ತಿರುಗಿತು.

ಸುಗುಣಕ್ಕ ಗುಹೆಯ ಬಾಯಿಯಲ್ಲಿ ದೀಪ ಇಟ್ಟುಕೊಂಡು ಒಬ್ಬಳೇ ಕೂತಿರುತ್ತಿದ್ದಳು. ಬೇಕೆಂದೇ ನನಗೆ ಸಕ್ಕರೆ ಹಾಕದ ಚಹಾ ಕೊಡುತ್ತಿದ್ದಳು. "ಆ ಇಗರ್ಜಿ ಎಂತ ಹಳೀದಾ? ಮೊನ್ನೆ ಸುಧಾಕರನೇ ಉಳಿ ಹಿಡ್ದ್ ಕೊರ್ದದ್ ಆಯ್ಕ್," ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಸುಧಾಕರ ಗೋಡೆಗೆ ಮೊಳೆ ಹೊಡೆಯಲೂ ಬೇರೆಯವರನ್ನು ಕರೆಯುವವನೆಂದು ಊರಿಗೇ ಗೊತ್ತು, ಹಾಗಾಗಿ ಯಾರೂ ನಂಬಲಿಲ್ಲ. ಹೊಟ್ಟೆಗೆ ಹಸಿಮೆಣಸು ಅರೆದು ಹಾಕಿದ ಹಾಗಾಗಿತ್ತು ಅವಳಿಗೆ. ನನಗೆ ನಗು ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು. ಕತ್ತಲೆಗೆ ಹೆದರದ ಹೆಂಗಸು, ಯಾರೂ ತನ್ನನ್ನು ಹುಡುಕಿಕೊಂಡು ಬರದ ಹಗಲಿಗೆ ಹೆದರಿದ್ದಳು.

ಒಂದು ದಿನ "ಕೋಟೇಶ್ವರಕ್ ಹೋಯ್ಕ್, ಹೊರಡ್" ಎಂದು ರಿಕ್ಷಾ ಹತ್ತಿದಳು. ತಿರುವು ಬರುತ್ತಿದ್ದಂತೆ "ಗುಡ್ಡಿ ಆಚಿ ಬದಿಗ್ ತಿರ್ಗ್ಸ್" ಎಂದಳು. ತಿರುಗಿಸಿದೆ. ಕೋರೆಯ ಮೇಲಿನ ಗೇರುಮರದ ಹಿಂದೆ ನಿಲ್ಲಿಸಲು ಹೇಳಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೆಳಗೆ ಇಣುಕಿದಳು.

ಕೆಳಗೆ ಮೈಸೂರಿನ ಕಡೆಯವರೊಂದು ಗುಂಪು. ಅವರ ಮುಂದೆ ವಿನಯಾ ಎದೆಯ ಮಟ್ಟದಲ್ಲಿ ದೀಪ ಹಿಡಿದು, ಅವರ ಕಡೆಗೆ ಮುಖ ಮಾಡಿ, ಹಿಂದುಹಿಂದಕ್ಕೆ ನಡೆಯುತ್ತ ಕಮಾನಿನೊಳಗೆ ಹೋಗುತ್ತಿದ್ದಳು. ಒಳಗೆ ನಾಲ್ಕು ಹೆಜ್ಜೆ ಹಾಕಿದರೆ ಮುಗಿಯುವ ಜಾಗ, ಬೇಕಾದಷ್ಟು ಬೆಳಕು. ಒಬ್ಬ ಗಂಡಸು ಕೇಳಿಯೇ ಬಿಟ್ಟ. "ಇಲ್ಲಿ ಯಾಕಮ್ಮ ಹಿಂದಕ್ಕೆ ನಡೀತೀರಿ?"

ಕೋರೆಯಲ್ಲಿ ಮಾತು ಗೋಡೆಗೆ ಬಡಿದು ಮೇಲಕ್ಕೆ ಬರುತ್ತದೆ. ವಿನಯಾಳ ಉತ್ತರ ನಮಗೆ ಸ್ಪಷ್ಟವಾಗಿ ಕೇಳಿಸಿತು. "ನಮ್ಮ ಸುಗುಣಕ್ಕ ಹೀಂಗೇ ಕರ್ಕಂಡ್ ಹೋಪುದ್. ಮೊಕ ಕಂಡ್ರೆ ಜನಕ್ಕೆ ಹೆದ್ರಿಕೆ ಆತಿಲ್ಲ. ನಂಗ್ ಬೇರೆ ನಡ್ಗಿ ಗೊತ್ತಿಲ್ಲ."

ಸುಗುಣಕ್ಕ ಬಂದು ರಿಕ್ಷಾದಲ್ಲಿ ಕೂತಳು.

"ಕಂಡ್ಯಾ? ನನ್ ನಡ್ಗಿ ಕದ್ದಿತ್ ಆ ಹೆಣ್ಣ್."

"ನಿಮ್ ಹೆಸ್ರ್ ಹೇಳ್ತಲೆ ಅಕ್ಕ," ಎಂದೆ.

"ಹೆಸ್ರ್ ಹೇಳಿ ಕದ್ರೆ ಕದ್ದದ್ದಲ್ದಾ?"

ನಾನು ರಿಕ್ಷಾವನ್ನು ಮನೆಯ ದಾರಿಗೆ ತಿರುಗಿಸಿದೆ.

ಅಷ್ಟರಲ್ಲಿ ಹೊಸ್ತು ಬಂತು. ಸುಧಾಕರನಿಗೆ ಗದ್ದೆ ಇಲ್ಲ, ಊರಿಗೆ ಬಂದ ಮೇಲಿನ ಮೊದಲ ಹೊಸ್ತು. ಅವನು ಅಣ್ಣನ ಬಳಿ ಬಂದು ಒಂದು ಹಿಡಿ ಕದಿರು ಕೇಳಿದ. ಸುಬ್ಬಣ್ಣ ಕೊಡುವವನೇ. ಸುಗುಣಕ್ಕ ಒಳಗಿಂದಲೇ "ಒಲೆ ಬೇರೆ ಆದ್ಮೇಲೆ ಕದ್ರೂ ಬೇರೆ" ಎಂದಳು. ಪಾಲಾದ ಮನೆಯವರು ಅವರವರ ಕದಿರು ಅವರವರೇ ಕಟ್ಟುವುದು ನಮ್ಮಲ್ಲಿ ಕ್ರಮ, ಹಾಗಾಗಿ ಅವಳ ಮಾತಿಗೆ ಎದುರು ಹೇಳುವಂತಿರಲಿಲ್ಲ. ಸುಧಾಕರ ಬರಿಗೈಯಲ್ಲಿ ಹೋದ. ಬಾಗಿಲಲ್ಲಿ ನಿಂತಿದ್ದ ವಿನಯಾ ಅವತ್ತು ನಗಲಿಲ್ಲ.

ಹೊಸ್ತಿನ ನಸುಕಿಗೆ ನಾನು ನನ್ನ ರಿಕ್ಷಾಕ್ಕೆ ಕದಿರು ಕಟ್ಟುತ್ತಿದ್ದೆ. ಸುಗುಣಕ್ಕನ ಫೋನು ಬಂತು, ಹೋದೆ. ಮಿಂದು ಮಡಿಯುಟ್ಟು, ಸೆರಗಿನಡಿ ಏನನ್ನೋ ಮುಚ್ಚಿಕೊಂಡು ನಿಂತಿದ್ದಳು. "ಕೋರೆಗೆ ನಡಿ" ಎಂದಳು. ಕೋರೆಯಲ್ಲಿ ಇಳಿದವಳೇ ಇಗರ್ಜಿಯ ಕಮಾನಿನ ಕಂಬಕ್ಕೆ ತನ್ನ ಗದ್ದೆಯ ಕದಿರನ್ನು ನಾರಿನಿಂದ ಬಿಗಿದು ಕಟ್ಟಿದಳು. ಮೂರು ಸುತ್ತು ಸುತ್ತಿ ಗಂಟು ಹಾಕಿ, ಎಳೆದು ನೋಡಿ, "ಆಯ್ತ್. ಈಗ ಇದೂ ನಂದ್" ಎಂದಳು.

ಅವಳ ತಲೆಯಲ್ಲಿದ್ದದ್ದು ಅಷ್ಟೇ. ಕದಿರು ಕಟ್ಟಿದ್ದು ತನ್ನದು. ಆದರೆ ತಮ್ಮನ ಪಾಲಿಗೆ ಅಣ್ಣನ ಮನೆಯ ಕದಿರು ಕಟ್ಟಿದರೆ ಊರು ಅದನ್ನು ಹೇಗೆ ಓದುತ್ತದೆ ಎಂಬುದು ಆ ಸಿಟ್ಟಿನಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ನನಗೆ ಅಲ್ಲೇ ಹೊಳೆಯಿತು. ಹೇಳಲಿಲ್ಲ. ಹೇಳಿದ್ದರೆ ಬಿಚ್ಚಿಬಿಡುತ್ತಿದ್ದಳು. ಸಕ್ಕರೆ ಇಲ್ಲದ ಚಹಾ ಕುಡಿದವನಿಗೆ ಅಷ್ಟೂ ಹಕ್ಕಿಲ್ಲವೇ?

ಬಿಸಿಲೇರುವ ಮೊದಲೇ ಬಾವಲಿಹಾಡಿಯಲ್ಲಿ ಸುದ್ದಿ ಹರಡಿತು. ಎರಡು ಮನೆ ಒಂದಾಯಿತು, ಸುಗುಣಕ್ಕ ತಾನೇ ಹೋಗಿ ಮೈದುನನ ಜಾಗಕ್ಕೆ ಕದಿರು ಕಟ್ಟಿದಳು ಎಂದು ದಾರಿಯಲ್ಲಿ ಹೋಗುವವರೆಲ್ಲ ಬಾಗಿಲಲ್ಲಿ ನಿಂತು ಹೊಗಳಿ ಹೋದರು. ಸುಗುಣಕ್ಕ ಮೊದಲು ಬೆರಗಾದಳು, ಆಮೇಲೆ ಬೆವರಿದಳು. ಅಲ್ಲ ಎನ್ನುವುದು ಹೇಗೆ? ಕಸಿದುಕೊಳ್ಳಲು ಕಟ್ಟಿದ್ದು ಎಂದು ಹಬ್ಬದ ದಿನ ಬಾಯಿಬಿಟ್ಟು ಹೇಳಲಾಗುತ್ತದೆಯೇ? ಸುಬ್ಬಣ್ಣ ನೋವಿನ ಮೊಣಕಾಲು ಎಳೆಯುತ್ತ ಹೋಗಿ ಇನ್ನೆರಡು ಬಾಳೆ ಎಲೆ ಕೊಯ್ದು ತಂದ. ಕದಿರು ಕಟ್ಟಿದ ಮನೆಯೇ ಹೊಸ್ತಿನ ಊಟವನ್ನೂ ಹಾಕಬೇಕು.

ಮಧ್ಯಾಹ್ನ ಸುಧಾಕರ, ವಿನಯಾ ಇಬ್ಬರೂ ಹೊಸ ಬಟ್ಟೆ ಉಟ್ಟು ಬಂದರು. ನನಗೂ ಎಲೆ ಹಾಕಿದ್ದರು. ಹೊಸ ಅಕ್ಕಿಯ ಅನ್ನ ಬಡಿಸಿಯಾಯಿತು. ಹೊಸ್ತಿನ ದಿನ ಕಿರಿಯರು ಹಿರಿಯರನ್ನು ಕೇಳದೆ, ಅವರು ಉಣ್ಣು ಎನ್ನದೆ, ತುತ್ತು ಬಾಯಿಗೆ ಹೋಗುವುದಿಲ್ಲ. ವಿನಯಾ ಎದ್ದು ಬಂದು ಸುಗುಣಕ್ಕನ ಕಾಲು ಮುಟ್ಟಿದಳು. ಕಣ್ಣು ತುಂಬಿತ್ತು.

"ಅಕ್ಕ, ಹೊಸ್ತ್ ಉಣ್ತೆ," ಎಂದಳು.

ನಾವೆಲ್ಲ ಅನ್ನದ ಮೇಲೆ ಕೈಯಿಟ್ಟು ಕಾದೆವು. ಸುಗುಣಕ್ಕ ವಿನಯಾಳ ಮುಖವನ್ನೇ ನೋಡುತ್ತಿದ್ದಳು. ಉಣ್ಣು ಎಂದರೆ ಆ ಇಗರ್ಜಿ, ಆ ಜನ, ಆ ಹಿಂದುಹಿಂದಕ್ಕೆ ನಡೆಯುವ ನಡಿಗೆ ಎಲ್ಲವನ್ನೂ ತನ್ನ ಕೈಯಾರೆ ಕೊಟ್ಟಂತೆ ಎಂದು ಅವಳಿಗೆ ಗೊತ್ತಿತ್ತು. ಸುಬ್ಬಣ್ಣ ಮೆಲ್ಲನೆ "ಅನ್ನ ತಣೀತಾ ಇತ್ತ್" ಎಂದ.

"ಉಣ್," ಎಂದಳು ಸುಗುಣಕ್ಕ. "ಗುಹಿಗ್ ಮಾತ್ರ ನಾನೇ ಮುಂದ್" ಎಂದು ಸೇರಿಸಿದಳು.

"ನೀವೇ ಮುಂದ್ ಅಕ್ಕ," ಎಂದಳು ವಿನಯಾ.

ಊಟವಾಗಿ ಅವರಿಬ್ಬರೂ ಹೊರಟುಹೋದ ಮೇಲೆ ನಾನು ಹೊರಡುತ್ತೇನೆಂದು ಹೇಳಲು ಬಾವಿಕಟ್ಟೆಗೆ ಹೋದೆ. ವಿನಯಾ ಹೋಗುವ ಮೊದಲು ಪಾತ್ರೆಗಳನ್ನೆಲ್ಲ ತಿಕ್ಕಿ ಬೋರಲು ಹಾಕಿದ್ದಳು. ಸುಗುಣಕ್ಕ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಸಮಾಧಾನ ಆಯ್ತಾ ಎಂದು ಕೇಳಿದೆ.

"ಕಂಡ್ಯಾ ಚಂದ್ರ, ಹೊಸ್ತ್ ಉಣ್ತೆ ಅಂದೇಳಿ ಎಷ್ಟ್ ಚಂದ ಹೇಳ್ತ್ ಆ ಹೆಣ್ಣ್," ಎಂದಳು. "ಅತ್ತಿ ಇದ್ದಾಗ ವರ್ಷ ವರ್ಷ ನಾನೂ ಹೇಳಿದ್ದೆ. ನಂಗ್ ಒಂದ್ ಸಲವೂ ಹಾಂಗ್ ಹೇಳುಕ್ ಬರ್ಲಿಲ್ಲ."

ಹಾಗೆ ಹೇಳಿ, ವಿನಯಾ ತೊಳೆದಿಟ್ಟಿದ್ದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿಕೊಂಡು ಮತ್ತೊಮ್ಮೆ ತೊಳೆಯತೊಡಗಿದಳು.