ಎಸ್ಕಿಲ್ ಯಾಕೆ ಓಡಿಬಂದ

ನಮ್ಮ ದಳದಲ್ಲಿ ಏನನ್ನಾದರೂ ಬಿಟ್ಟು ಓಡಿಬರದವನು ಒಬ್ಬನೂ ಇರಲಿಲ್ಲ. ಪರದೇಶಿ ಸ್ವಯಂಸೇವಕರ ದಳ ಎಂದು ಅದರ ಹೆಸರು. ಬಂದೂಕು ಫ್ರಾನ್ಸಿನದು, ಬಾವುಟ ಫ್ರಾನ್ಸಿನದು, ಮೇಲಿನ ಅಧಿಕಾರಿಗಳು ಫ್ರಾನ್ಸಿನವರು. ಗುಂಡಿಗೆ ಎದೆ ಕೊಡುವವರು ಮಾತ್ರ ಜರ್ಮನರು, ಪೋಲರು, ಸ್ಪೇನಿನವರು, ನನ್ನಂಥ ಪೋರ್ಚುಗಲ್ಲಿನವರು. ಒಬ್ಬ ಸಾಲಗಾರರಿಗೆ ಹೆದರಿ ಬಂದಿದ್ದ, ಇನ್ನೊಬ್ಬ ಹೆಂಡತಿಗೆ. ಡೆನ್ಮಾರ್ಕಿನ ಎಸ್ಕಿಲ್ ಕೊಲೆ ಮಾಡಿ ಬಂದವನು ಎಂದು ನಾವೆಲ್ಲ ನಂಬಿದ್ದೆವು.

ಹಾಗೆಂದು ಅವನೇನೂ ಹೇಳಿರಲಿಲ್ಲ. ಸೇರಿದ ಮೊದಲ ವಾರ, ನಮ್ಮ ಜೊತೆಯ ಜರ್ಮನ್ ವೋಲ್ಫ್ರಾಮ್ ಅವನನ್ನು ಕೆಣಕಿದ. "ಏನಯ್ಯಾ ಹಾಲು ಮುಖದವನೇ, ನಿಂದೇನು ಕಥೆ? ಹುಡುಗೀನಾ, ಕಳ್ಳತನಾನಾ?"

ಎಸ್ಕಿಲ್ ತನ್ನ ದಪ್ಪ ಕೈಗಳನ್ನು ನೋಡಿಕೊಂಡು, "ಅದಕ್ಕಿಂತ ದೊಡ್ಡದು ಬಿಡು" ಎಂದ.

ಅಂದಿನಿಂದ ಸೂಪಿನ ಸಾಲಿನಲ್ಲಿ ಅವನಿಗಿಂತ ಮುಂದೆ ನಿಲ್ಲಲು ಯಾರೂ ಧೈರ್ಯ ಮಾಡಲಿಲ್ಲ.

ಕೂತಲ್ಲಿ ಕೂರುವ ಜಾಯಮಾನ ಅವನದಲ್ಲ. ಮರುಭೂಮಿಯಲ್ಲಿ ನಡೆದು ನಡೆದು ಸತ್ತಂತಾಗಿ, ಮಧ್ಯಾಹ್ನ ನಾವೆಲ್ಲ ಬಂಡೆಯ ನೆರಳಿಗೆ ಬಿದ್ದುಕೊಂಡರೆ ಅವನು ಸುತ್ತ ಓಡಾಡುತ್ತಿದ್ದ. ಹಾಗೆ ಓಡಾಡುವಾಗಲೇ ಒಮ್ಮೆ, ಕೊರಕಲಿನೊಳಗಿಂದ ಬಂದೂಕು ಹಿಡಿದು ತೆವಳಿ ಬರುತ್ತಿದ್ದವರನ್ನು ಕಂಡು ಕೂಗಿಕೊಂಡ. ಅವನು ಕೂಗದಿದ್ದರೆ ಈ ಕಥೆ ಹೇಳಲು ನಾನಿರುತ್ತಿರಲಿಲ್ಲ. ಪದಕ ಕೊಟ್ಟ ಕರ್ನಲ್ಲು ಹೊಗಳಿದ್ದಕ್ಕೆ, "ಕಾಲು ನಿಲ್ಲಲಿಲ್ಲ ಸಾರ್, ಅಷ್ಟೇ" ಎಂದ.

ಅವಧಿ ಮುಗಿದ ಮೇಲೆ ನಾವು ಮೂವರೂ ದಳದ ಬ್ಯಾರಕ್ಕಿನ ಕೆಳಗಿರುವ ವಾಲ್‌ಬ್ರೂನ್ ಎಂಬ ಫ್ರಾನ್ಸಿನ ಊರಿನಲ್ಲೇ ಉಳಿದೆವು. ನಾನು ಕ್ಷೌರದ ಅಂಗಡಿ ಇಟ್ಟೆ. ವೋಲ್ಫ್ರಾಮ್ ದ್ರಾಕ್ಷಿ ತೋಟಕ್ಕೆ ಕಾವಲು ಹೋದ. ಎಸ್ಕಿಲ್ ನನ್ನ ಎದುರಿನ ಬೇಕರಿಯಲ್ಲಿ ಹಿಟ್ಟು ನಾದಲು ನಿಂತ. ಬೇಕರಿ ವಿಧವೆ ಲಿಯೋಂತೀನಳದು. ಪಕ್ಕದೂರಿನ ಸಂತೆ ದಾಟಿ ಆಕೆ ಎಂದೂ ಹೋದವಳಲ್ಲ. ವರ್ಷ ತುಂಬುವುದರೊಳಗೆ ಅವನ ಮೇಲೆ ಮನಸ್ಸಾಗಿ ನನ್ನ ಅಂಗಡಿಗೆ ಬಂದಳು.

"ಅವನು ಯಾರನ್ನ ಕೊಂದಿದ್ದು?"

"ಗೊತ್ತಿಲ್ಲ ಅಕ್ಕಾ."

"ಕುಡಿದು ಕೊಂದಿದ್ನಾ, ಕುಡೀದೇನಾ?"

"ಅದೂ ಗೊತ್ತಿಲ್ಲ."

"ನಮ್ಮನೇಲಿ ಒಂದು ತೊಟ್ಟೂ ಮುಟ್ಟಲ್ಲ. ಕುಡೀದೆ ಕೊಂದಿದ್ರೆ ಏನೋ ಬಲವಾದ ಕಾರಣ ಇರ್ಬೇಕು ಬಿಡು" ಎಂದು ತಾನೇ ತೀರ್ಪು ಕೊಟ್ಟು ಮದುವೆಯಾದಳು. ಸತ್ತವರ ಹಬ್ಬ ಬಂತೆಂದರೆ, ಗಂಡನ ಕೈಯಲ್ಲಿ ಸತ್ತ, ಹೆಸರು ಗೊತ್ತಿಲ್ಲದ ಆ ಡೆನ್ಮಾರ್ಕಿನವನ ಆತ್ಮಕ್ಕೆಂದು ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬರುತ್ತಿದ್ದಳು. ಎಸ್ಕಿಲ್‌ಗೆ ಇದು ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬಡಗಣ ಗಾಳಿ ಬೀಸಲು ಶುರುವಾದರೆ ಏಪ್ರನ್ನಿನಲ್ಲೇ ಸ್ಟೇಷನ್ನಿಗೆ ಹೋಗಿ, ಒಂದೆರಡು ರೈಲು ನೋಡಿ ವಾಪಸು ಬರುತ್ತಿದ್ದ.

ಹೀಗೆ ವರ್ಷಗಳು ಕಳೆದವು. ಒಂದು ಮಧ್ಯಾಹ್ನ, ಕರಿಯ ಕೋಟು ತೊಟ್ಟ ರೈತನೊಬ್ಬ ಬಟ್ಟೆಯಲ್ಲಿ ಸುತ್ತಿದ ಚೀಸು ಹಿಡಿದು ಬೇಕರಿಯ ಮುಂದೆ ನಿಂತ. ಎಸ್ಕಿಲ್‌ನ ಅಣ್ಣ ಯೆಪ್ಪೆ. ದಳದಿಂದ ಊರಿಗೆ ಮರಳಿದ ಇನ್ನೊಬ್ಬ ಡೆನ್ಮಾರ್ಕಿನವನು ತಮ್ಮನ ಸುಳಿವು ಕೊಟ್ಟಿದ್ದನಂತೆ. ಯೆಪ್ಪೆಗೆ ಫ್ರೆಂಚ್ ಬಾರದು, ಜರ್ಮನ್ ಬರುತ್ತಿತ್ತು. ಗಂಡ ಪೂರ್ತಿ ಹೇಳುವವನಲ್ಲವೆಂದು, ಬ್ಯಾರಕ್ಕಿನಲ್ಲಿ ಜರ್ಮನ್ ಕಲಿತಿದ್ದ ನನ್ನನ್ನು ಲಿಯೋಂತೀನ್ ಮಾತು ದಾಟಿಸಲು ಕರೆದಳು. ಬ್ರೆಡ್ಡಿಗೆ ಬಂದಿದ್ದ ವೋಲ್ಫ್ರಾಮ್ ಕೂಡ ಅಲ್ಲೇ ನಿಂತ.

ಯೆಪ್ಪೆ ತಾಯಿ ತೀರಿಕೊಂಡ ಸುದ್ದಿ ಹೇಳಿದ. ಎಸ್ಕಿಲ್ ಗೋಡೆಗೆ ಮುಖ ಮಾಡಿದ. ಸ್ವಲ್ಪ ಹೊತ್ತಾದ ಮೇಲೆ ಲಿಯೋಂತೀನ್ ಮೆಲ್ಲಗೆ ಕೇಳಿದಳು. "ಭಾವಾ, ಇವರ ಕೈಯಲ್ಲಿ ಸತ್ತನಲ್ಲ, ಅವನ ಹೆಂಡ್ತಿ ಮಕ್ಕಳು ಹೇಗಿದ್ದಾರೆ?"

ನಾನು ಜರ್ಮನ್‌ನಲ್ಲಿ ಹೇಳಿದೆ. ಯೆಪ್ಪೆ ನನಗೇ ಹುಚ್ಚು ಹಿಡಿದಿದೆಯೇನೋ ಎಂಬಂತೆ ನೋಡಿದ.

"ಕೊಲೇನಾ? ಇವನಾ? ಹಂದಿ ಕೊಯ್ಯೋ ದಿನ ಅಟ್ಟ ಹತ್ತಿ ಕಿವಿ ಮುಚ್ಕೊಂಡು ಕೂರ್ತಿದ್ದ! ದನಗಳಿಗೆ ಉಪ್ಪು ತಗೊಂಬಾ ಅಂತ ಅಪ್ಪ ಕಳ್ಸಿದ್ರು. ಬರ್ಲೇ ಇಲ್ಲ. ಕೆರೆ ಪೂರ್ತಿ ಜಾಲಾಡಿಸಿದ್ವಿ. ಅಮ್ಮ ಎಷ್ಟೋ ವರ್ಷ ಇವನ ತಟ್ಟೆ ಮೇಜಿನ ಮೇಲೆ ಇಡ್ತಿದ್ಳು."

ವೋಲ್ಫ್ರಾಮ್ ಕೆಂಪಗಾದ. "ಥೂ ನಿನ್ನ! ಉಪ್ಪು ತರೋಕೆ ಹೋದವನಿಗೇನೋ ನಾನು ಇಷ್ಟು ವರ್ಷ ಸೂಪಿನ ಸಾಲಲ್ಲಿ ಜಾಗ ಬಿಟ್ಟಿದ್ದು?"

ನಾನು ನಕ್ಕೆ. ಯೆಪ್ಪೆಯೂ ನಕ್ಕ, ಆಮೇಲೆ ಕಣ್ಣೊರೆಸಿಕೊಂಡ. ನಾನು ಫ್ರೆಂಚಿನಲ್ಲಿ ಹೇಳಿದಾಗ ಲಿಯೋಂತೀನ್ ನಗಲಿಲ್ಲ. "ಯಾಕೆ ಹೋದೆ?" ಎಂದು ಗಂಡನನ್ನು ಕೇಳಿದಳು.

"ದಾರಿ ಚೆನ್ನಾಗಿತ್ತು. ನಡೀತಾ ಹೋದೆ. ಸಂಜೆ ಆಯ್ತು. ಈಗ ವಾಪಸು ಹೋದ್ರೆ ಬೈತಾರೆ ಅಂತ ಇನ್ನೂ ಸ್ವಲ್ಪ ನಡೆದೆ."

"ಅಷ್ಟೇನಾ?"

"ಅಷ್ಟೇ."

ಆಕೆ ಹಿಟ್ಟಿನ ಕೈ ಒರೆಸಿಕೊಂಡಳು. "ಕೊಲೆಗಾರನ ಜೊತೆ ನೆಮ್ಮದಿಯಾಗಿದ್ದೆ ನಾನು. ಕೊಲೆ ಮಾಡಿದವನು ಅಲ್ಲಿಂದ ಓಡಿದ, ಇಲ್ಲಿಂದ ಯಾಕೆ ಓಡ್ತಾನೆ ಅಂತ. ಏನೂ ಕಾರಣ ಇಲ್ದೆ ಅಷ್ಟು ದೂರ ಹೋದವನು ಇಲ್ಲಿಂದಾನೂ ಹಾಗೇ ಹೋಗ್ತಾನಲ್ಲ!"

ಅಂದಿನಿಂದ ಆಕೆಗೆ ಚಡಪಡಿಕೆ ಹತ್ತಿಕೊಂಡಿತು. ಅವನು ಹಿತ್ತಲಿಗೆ ಸೌದೆ ತರಲು ಹೋದರೂ ಬಾಗಿಲಿಗೆ ಬಂದು ನಿಲ್ಲುವಳು. ಬ್ರೆಡ್ಡು ಸೀದು ಹೋಗತೊಡಗಿತು. ತಾಯಿಯ ಗೋರಿ ನೋಡಿ ಬರುತ್ತೇನೆಂದು ಎಸ್ಕಿಲ್ ಅಣ್ಣನ ಜೊತೆ ಹೊರಟಾಗ ಅವಳು ತಡೆಯಲಿಲ್ಲ.

"ಎರಡು ವಾರ. ಬರ್ತೀನಿ ಕಣೇ."

"ಈಗ ಹೇಳ್ಬೇಡ. ಬಂದ ಮೇಲೆ ಹೇಳು."

ಎರಡು ವಾರ ಹೋಗಿ ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಲಿಯೋಂತೀನ್ ಬೇಕರಿಗೆ ಬೀಗ ಹಾಕಿ, ಭಾನುವಾರದ ಷೂ ತೊಟ್ಟು ನನ್ನ ಅಂಗಡಿಯ ಮುಂದೆ ಹಾದುಹೋದಳು.

"ಎಸ್ಕಿಲ್ ಬರ್ತಿದ್ದಾನಾ ಅಕ್ಕಾ?"

"ಗೊತ್ತಿಲ್ಲ. ನಾನು ಹೋಗ್ತಿದ್ದೀನಿ."

"ಎಲ್ಲಿಗೆ?"

"ರೈಲು ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

ಎಸ್ಕಿಲ್ ಆ ವಾರವೇ ಬಂದ. ಹುಲ್ಲು ಕೊಯ್ಲಿಗೆ ಆಳಿಲ್ಲವೆಂದು ಅಣ್ಣ ಉಳಿಸಿಕೊಂಡಿದ್ದನಂತೆ. ಬೀಗ ನೋಡಿ ಅವನ ಮುಖ ಬಿಳಿಚಿಕೊಂಡಿತು. ನನ್ನ ಕುರ್ಚಿಯಲ್ಲಿ ಕೂತ, ಎದ್ದ, ಮತ್ತೆ ಕೂತ. "ಅಲ್ಲಾಡ್ಬೇಡ ಮಾರಾಯ, ಕಿವಿ ಕೊಯ್ದುಬಿಡ್ತೀನಿ" ಎಂದರೆ ಕನ್ನಡಿಯಲ್ಲಿ ಬೀದಿಯನ್ನೇ ನೋಡುತ್ತಿದ್ದ. ಹಿತ್ತಲ ಬಾಗಿಲು ಮುರಿದು ಒಳಹೊಕ್ಕು ಒಲೆ ಹಚ್ಚಿದ. ಆಕೆ ಬಂದಾಗ ತಾನಿಲ್ಲದಿದ್ದರೆ ಎಂಬ ಭಯಕ್ಕೆ ಹೊಸ್ತಿಲು ದಾಟಲಿಲ್ಲ. ಹೆಂಡತಿ ಎಲ್ಲಿ ಎಂದು ಗಿರಾಕಿಗಳು ಕೇಳಿದರೆ, "ಬರ್ತಾಳೆ" ಎಂದು ಚಾಕುವಿನಿಂದ ಬ್ರೆಡ್ಡನ್ನು ಅಡ್ಡಾದಿಡ್ಡಿ ಕೊಯ್ದುಕೊಡುತ್ತಿದ್ದ.

ಮುಂದಿನ ವಾರ ಆಕೆ ಬಂದಳು. ಮೂಗು ಬಿಸಿಲಿಗೆ ಸುಲಿದಿತ್ತು.

"ಎಲ್ಲಿಗೆ ಹೋಗಿದ್ದೆ?" ಎಂದು ಅವನು ಕೇಳಿದ.

"ಸಮುದ್ರ ನೋಡಿದೆ. ಆಮೇಲೆ ಇನ್ನೂ ಒಂದೂರು ಮುಂದೆ ಹೋದೆ."

"ಯಾಕೆ?"

ಲಿಯೋಂತೀನ್ ಸ್ವಲ್ಪ ಯೋಚಿಸಿದಳು. "ಹೇಳೋಕೆ ಬರಲ್ಲ ಕಣೋ" ಎಂದಳು. ಎಸ್ಕಿಲ್ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತ. ಅವನು ಅಷ್ಟು ಹೊತ್ತು ಅಲುಗದೆ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು.

ಆಮೇಲೆ ಒಮ್ಮೆ ಅವನು ಹೋಗುತ್ತಿದ್ದ, ಒಮ್ಮೆ ಅವಳು. ಕೆಲವು ಸಲ ಇಬ್ಬರೂ ಬೀಗ ಹಾಕಿ ಹೊರಡುತ್ತಿದ್ದರು. ಹೋದ ಚಳಿಗಾಲ ಎಸ್ಕಿಲ್ ತೀರಿಕೊಂಡ, ಎದೆಯ ನೋವಿನಿಂದ, ತನ್ನ ಮಂಚದ ಮೇಲೆಯೇ. ವೋಲ್ಫ್ರಾಮ್, ನಾನು ಹಳೆಯ ಸಮವಸ್ತ್ರ ತೊಟ್ಟು ಪೆಟ್ಟಿಗೆಗೆ ಹೆಗಲು ಕೊಟ್ಟೆವು. ಲಿಯೋಂತೀನ್ ಮಾತ್ರ ಇನ್ನೂ ನನ್ನ ಎದುರಿನ ಮನೆಯಲ್ಲೇ ಇದ್ದಾಳೆ. ಇದ್ದಾಳೆ ಎನ್ನುವುದೂ ಪೂರ್ತಿ ಸರಿಯಲ್ಲ. ಸೋಮವಾರದಿಂದ ಬೇಕರಿ ತೆರೆದಿಲ್ಲ, ಊರವರು ಗೊಣಗುತ್ತ ಬ್ರೆಡ್ಡಿಗೆ ಹೊಳೆಯಾಚೆ ಹೋಗಿ ಬರುತ್ತಿದ್ದಾರೆ.